ತಾಂಡವದಲ್ಲಿ ಪರಮಾಣು ಇದೆಯೇ? ನೃತ್ಯಕ್ಕೂ ವಿಜ್ಞಾನಕ್ಕೂ ಇರುವ ನಿಜವಾದ ನಂಟು

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ನೋಡಿಕೊಂಡು ಬೇಲೂರು, ಹಳೇಬೀಡಿಗೆ ಹೋಗಿ ಬಂದವರ ಮೊಬೈಲ್ ತುಂಬ ಶಿಲ್ಪಗಳ ಫೋಟೊ. ಇಂಥ ಫೋಟೊಗಳ ಜೊತೆ ಸುತ್ತುವ ಮಾತೊಂದಿದೆ: ತಾಂಡವ ಎಂದರೆ ಪರಮಾಣುವಿನ ಕುಣಿತ, ಪೂರ್ವಜರಿಗೆ ಇದು ಗೊತ್ತಿತ್ತು, ಅದಕ್ಕೇ ಸರ್ನ್ ವಿಜ್ಞಾನಿಗಳು ನಟರಾಜನನ್ನು ಇಟ್ಟುಕೊಂಡಿದ್ದಾರೆ. ಇದರಲ್ಲಿ ನಿಜವೆಷ್ಟು?

ವಿಗ್ರಹ ನಿಜ, ಕಾರಣ ಬೇರೆ

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 2 ಮೀಟರ್ ಎತ್ತರದ ನಟರಾಜ ಇರುವುದು ನಿಜ. 2004ರ ಜೂನ್ 18ರಂದು ಅನಾವರಣಗೊಂಡ ಅದು ಭಾರತ ಸರ್ಕಾರದ ಉಡುಗೊರೆ. ಎರಡೂ ಕಡೆಯ ಹಳೆಯ ಸಹಯೋಗದ ಗುರುತು. ಕಣಗಳ ಚಲನೆಯನ್ನು ತಾಂಡವಕ್ಕೆ ಹೋಲಿಸಿ 1975ರಲ್ಲಿ ಪುಸ್ತಕ ಬರೆದವರು ಭೌತವಿಜ್ಞಾನಿ ಫ್ರಿಟ್ಜಾಫ್ ಕಾಪ್ರಾ. ಅದು ಸುಂದರ ಹೋಲಿಕೆ. ಪುರಾವೆಯಲ್ಲ.

ಹಾಗಾದರೆ ನೃತ್ಯದಲ್ಲಿ ವಿಜ್ಞಾನವೇ ಇಲ್ಲವೇ?

ಇದೆ. ನೀವೇ ಪರೀಕ್ಷಿಸಿ. ಬಲ ಭುಜ ಮತ್ತು ಬಲಪಾದ ಗೋಡೆಗೆ ತಾಗುವಂತೆ ಪಕ್ಕಕ್ಕೆ ನಿಲ್ಲಿ. ಈಗ ಎಡಗಾಲು ಎತ್ತಿ ಹಾಗೇ ನಿಲ್ಲಲು ನೋಡಿ. ಆಗುವುದಿಲ್ಲ! ಒಂಟಿ ಕಾಲಿನಲ್ಲಿ ನಿಲ್ಲಬೇಕಾದರೆ ಮೈಯ ಭಾರ ಆ ಪಾದದ ನೇರಕ್ಕೆ ಬರಬೇಕು. ಗೋಡೆ ಅದಕ್ಕೆ ಅಡ್ಡ. ಬೇಲೂರಿನ ಮದನಿಕೆಯರ ತ್ರಿಭಂಗಿ ನೆನಪಿಸಿಕೊಳ್ಳಿ. ಸೊಂಟ ಒಂದು ಕಡೆ ವಾಲಿದರೆ ಮೈಯ ಮೇಲ್ಭಾಗ ಇನ್ನೊಂದು ಕಡೆ ಬಾಗಿ ತೂಕ ಸರಿದೂಗಿಸುತ್ತದೆ. ಶಿಲ್ಪಿಗೆ ಪರಮಾಣು ಗೊತ್ತಿತ್ತು ಎನ್ನುವ ಭರದಲ್ಲಿ, ಅವನು ಕಣ್ಣಿಟ್ಟು ನೋಡಿ ಕಲ್ಲಿಗಿಳಿಸಿದ ಈ ಜ್ಞಾನವನ್ನೇ ನಾವು ಮರೆಯುತ್ತೇವೆ.

ಸಂಶೋಧನೆಯನ್ನೇ ಕುಣಿದು ತೋರಿಸುವವರು

ಪಿಎಚ್‌ಡಿ ವಿಷಯವನ್ನು ನೃತ್ಯದಲ್ಲಿ ವಿವರಿಸುವ ‘ಡ್ಯಾನ್ಸ್ ಯುವರ್ ಪಿಎಚ್‌ಡಿ’ ಎಂಬ ಅಂತರರಾಷ್ಟ್ರೀಯ ಸ್ಪರ್ಧೆ 2008ರಿಂದ ನಡೆಯುತ್ತಿದೆ. 2018ರ ಸ್ಪರ್ಧೆಯಲ್ಲಿ ಗೆದ್ದ ಪ್ರಮೋದ್ ಸೇನಾರತ್ ಯಾಪ ಆರಿಸಿಕೊಂಡದ್ದು ಅತಿವಾಹಕತೆಯನ್ನು. ತಂತಿಯೊಳಗೆ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ತಡೆ ಎದುರಿಸುತ್ತಾ ಸಾಗುತ್ತವೆ. ಕೆಲವು ಲೋಹಗಳನ್ನು ತೀರಾ ತಣ್ಣಗಾಗಿಸಿದರೆ ಅವು ಜೋಡಿಯಾಗಿ, ತಡೆಯಿಲ್ಲದೆ ಹರಿಯುತ್ತವೆ. ನೃತ್ಯಗಾರರು ಈ ಎಲೆಕ್ಟ್ರಾನುಗಳಾದರು.

ನಮ್ಮ ಶಾಲೆಗಳಲ್ಲಿ ಇದನ್ನೇ ಕೋಲಾಟದ ಜೋಡಿಗಳಿಂದ ತೋರಿಸಬಹುದು. ಆದರೆ ಕೋಲಾಟದ ಜೋಡಿ ಎದುರುಬದುರು ಇರುತ್ತದೆ. ಎಲೆಕ್ಟ್ರಾನ್ ಜೋಡಿಯ ನಡುವೆ ಬೇರೆ ಎಷ್ಟೋ ಎಲೆಕ್ಟ್ರಾನುಗಳಿರುತ್ತವೆ. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂದು ಮಕ್ಕಳನ್ನು ಕೇಳಿ. ಪಾಠ ಶುರುವಾಗುವುದೇ ಅಲ್ಲಿ.

ನೆನಪಿಡಿ: ನೃತ್ಯದಿಂದ ವಿಜ್ಞಾನ ಅರ್ಥ ಮಾಡಿಕೊಳ್ಳಬಹುದು, ಸಾಬೀತು ಮಾಡಲಾಗದು. ಮುಂದಿನ ಸಲ ನಟರಾಜನ ಫಾರ್ವರ್ಡ್ ಬಂದರೆ, ಕಳಿಸಿದವರಿಗೆ ಗೋಡೆಯ ಪ್ರಯೋಗ ಮಾಡಲು ಹೇಳಿ.