ಎರಡು ಸ್ಪಿಂಡಲ್ ಇದ್ದರೆ ದುಪ್ಪಟ್ಟು ಆಗುತ್ತಾ?

"ಮೆಕ್ಯಾನಿಕಲ್ ತಗೊಂಡ್ಯಾ? ಯಾಕೆ, ಕಂಪ್ಯೂಟರ್ ಸೈನ್ಸ್ ಸಿಗ್ಲಿಲ್ವಾ?" ಜಾಲಿಯಿಂದ ಕುಮಟಾದವರೆಗೆ ಯಾರ ಮನೆ ಜಗಲಿಯಲ್ಲಿ ಕೂತರೂ ನಮ್ಮ ಬ್ರಾಂಚಿನವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರದ್ದೂ ತಪ್ಪಲ್ಲ ಬಿಡಿ. ಹೆದ್ದಾರಿ 66ರಲ್ಲಿ ಹೊಸ ಬೈಕು, ಕಾರು ತುಂಬಿಕೊಂಡ ಕಂಟೇನರ್ ಲಾರಿಗಳು ಹೋಗೋದನ್ನ ನೋಡ್ತಾ ಬೆಳೆದವರು ನಾವು. ಆದರೆ ಅವುಗಳ ಎಂಜಿನ್ ಭಾಗ ತಯಾರಾಗೋದನ್ನ ನೋಡಬೇಕು ಅಂದ್ರೆ ಘಟ್ಟ ಹತ್ತಲೇಬೇಕು. ಫೌಂಡ್ರಿಗಳಿಗೆ ಹೆಸರಾದ ಬೆಳಗಾವಿಗೋ ಶಿವಮೊಗ್ಗಕ್ಕೋ, ಇಲ್ಲಾ ಬೆಂಗಳೂರಿನ ಪೀಣ್ಯಕ್ಕೋ ಹೋಗಬೇಕು. ಕಣ್ಣಿಗೆ ಕಾಣದ ಕೆಲಸದ ಮೇಲೆ ಮನೆಯವರಿಗೆ ನಂಬಿಕೆ ಹುಟ್ಟೋದು ಕಷ್ಟ. ನಮಗೇ ಕಷ್ಟ.

ಹಾಗಾಗಿ ಈ ಸಲ ಅಂಥ ಒಂದು ಯಂತ್ರದ ಬಗ್ಗೆಯೇ ಬರೆಯೋಣ ಅನ್ನಿಸಿತು. ಎರಡು ಸ್ಪಿಂಡಲ್‌ಗಳ ಮಶಿನಿಂಗ್ ಸೆಂಟರ್. ಬೇರೆ ಬ್ರಾಂಚಿನ ಗೆಳೆಯರಿಗೆ ಎರಡು ಮಾತು: ಲೋಹದ ತುಂಡನ್ನು ಮೇಜಿನ ಮೇಲೆ ಬಿಗಿದು, ತಿರುಗುವ ಟೂಲ್‌ನಿಂದ ಕೊರೆದು, ತೂತು ಹಾಕಿ, ಬೇಕಾದಾಗ ತಾನೇ ಟೂಲ್ ಬದಲಿಸಿಕೊಳ್ಳುವ ಸಿಎನ್‌ಸಿ ಯಂತ್ರವೇ ಮಶಿನಿಂಗ್ ಸೆಂಟರ್. ಟೂಲ್ ಹಿಡಿದು ತಿರುಗಿಸೋದು ಸ್ಪಿಂಡಲ್. ಸಾಮಾನ್ಯವಾಗಿ ಅದು ಒಂದೇ ಇರುತ್ತೆ. ವರ್ಷಕ್ಕೆ ಲಕ್ಷಗಟ್ಟಲೆ ಒಂದೇ ಥರದ ಭಾಗ ಬೇಕಾಗುವ ವಾಹನ ಉದ್ಯಮಕ್ಕೆ ಅಕ್ಕಪಕ್ಕ ಎರಡು ಸ್ಪಿಂಡಲ್ ಇರುವ ಯಂತ್ರಗಳೂ ಇವೆ. ಒಂದೇ ಪ್ರೋಗ್ರಾಂ, ಒಂದೇ ಚಲನೆ, ಎರಡು ಭಾಗ ಒಟ್ಟಿಗೆ.

ಕೇಳಿದ ಕೂಡಲೇ ಎಲ್ಲರೂ ಹೇಳೋದು "ಓ, ಹಾಗಾದ್ರೆ ಉತ್ಪಾದನೆ ದುಪ್ಪಟ್ಟು" ಅಂತ. ನಮ್ಮ ತಕರಾರು ಇರೋದು ಇಲ್ಲೇ. ಲೆಕ್ಕ ಹಾಕಿ ನೋಡೋಣ.

ಉದಾಹರಣೆಗೆ ಒಂದು ಅಲ್ಯೂಮಿನಿಯಂ ಭಾಗ ಇಟ್ಟುಕೊಳ್ಳಿ. ಟೂಲ್ ಕತ್ತರಿಸುವ ಸಮಯ 60 ಸೆಕೆಂಡ್. 6 ಟೂಲ್ ಬದಲಿಸಲು ತಲಾ 5 ಸೆಕೆಂಡ್ ಅಂದ್ರೆ 30. ಆಪರೇಟರ್ ಮುಗಿದ ಭಾಗ ತೆಗೆದು ಹೊಸದನ್ನು ಬಿಗಿಯಲು ಇನ್ನೊಂದು 30. ಒಂದು ಸ್ಪಿಂಡಲ್ ಯಂತ್ರದಲ್ಲಿ ಭಾಗಕ್ಕೆ ಒಟ್ಟು 120 ಸೆಕೆಂಡ್, ಗಂಟೆಗೆ 30 ಭಾಗ.

ಈಗ ಎರಡು ಸ್ಪಿಂಡಲ್. ಕತ್ತರಿಸಲು 60, ಅದು ಎರಡಕ್ಕೂ ಸೇರಿ. ಟೂಲ್ ಬದಲಾವಣೆ 30, ಅದೂ ಎರಡಕ್ಕೂ ಸೇರಿ. ಆದರೆ ಆಪರೇಟರ್‌ಗೆ ಇರೋದು ಎರಡೇ ಕೈ. ಎರಡು ಭಾಗ ತೆಗೆದು ಎರಡು ಬಿಗಿಯಲು 60 ಸೆಕೆಂಡ್ ಬೇಕು. ಒಟ್ಟು 150 ಸೆಕೆಂಡಿಗೆ 2 ಭಾಗ, ಗಂಟೆಗೆ 48. ದುಪ್ಪಟ್ಟು ಆಗಿದ್ರೆ 60 ಬರಬೇಕಿತ್ತು. ಹನ್ನೆರಡು ಎಲ್ಲಿ ಹೋಯ್ತು? ಯಂತ್ರ ಸುಮ್ಮನೆ ನಿಂತು ಆಪರೇಟರ್‌ಗೆ ಕಾಯುವ ಹೊತ್ತಿನಲ್ಲಿ ಹೋಯ್ತು.

ಇದಕ್ಕೆ ಮದ್ದು ಪ್ಯಾಲೆಟ್ ಚೇಂಜರ್. ಒಳಗೆ ಒಂದು ಜೋಡಿ ಕತ್ತರಿಸಿಕೊಳ್ತಾ ಇರುವಾಗಲೇ ಹೊರಗಿನ ಪ್ಯಾಲೆಟ್ ಮೇಲೆ ಮುಂದಿನ ಜೋಡಿ ಬಿಗಿಯೋದು. ಪ್ಯಾಲೆಟ್ ಅದಲುಬದಲಾಗಲು 6 ಸೆಕೆಂಡ್ ಅಂದುಕೊಂಡರೆ 96 ಸೆಕೆಂಡಿಗೆ 2 ಭಾಗ, ಗಂಟೆಗೆ 75. ಒಂದೇ ಸ್ಪಿಂಡಲ್‌ಗೂ ಇದೇ ಸೌಲಭ್ಯ ಕೊಟ್ಟರೆ ಗಂಟೆಗೆ 37.5. ಈಗ ನಿಜಕ್ಕೂ ದುಪ್ಪಟ್ಟು! ಅಂದ್ರೆ ಎರಡನೇ ಸ್ಪಿಂಡಲ್‌ನ ಬೆಲೆ ವಸೂಲಾಗೋದು ಅದರ ಸುತ್ತಲಿನ ವ್ಯವಸ್ಥೆಯಿಂದ. ಬ್ರೋಷರ್‌ನಲ್ಲಿ ಸ್ಪಿಂಡಲ್ ವೇಗ ದಪ್ಪ ಅಕ್ಷರದಲ್ಲಿರುತ್ತೆ. ಲಾಭ ನಷ್ಟ ತೀರ್ಮಾನವಾಗೋದು ಟೂಲ್ ಕತ್ತರಿಸದೇ ಇರುವ ಸೆಕೆಂಡುಗಳಲ್ಲಿ.

ಎರಡನೇ ಮಾತು. ಜೋಡಿ ಅಂದಮೇಲೆ ಅದು ನೊಗ ಕಟ್ಟಿದ ಜೋಡೆತ್ತಿನ ಹಾಗೆ. ಒಂದು ಮಲಗಿದರೆ ಇನ್ನೊಂದೂ ನಿಲ್ಲಬೇಕು. ಬಲಗಡೆ ಸ್ಪಿಂಡಲ್‌ನ ಡ್ರಿಲ್ ಮುರಿದರೆ ಎಡಗಡೆಯದ್ದೂ ಖಾಲಿ. ಎರಡಕ್ಕೂ ಎಕ್ಸ್, ವೈ ಚಲನೆ ಒಂದೇ ಆಗಿರುವ ಯಂತ್ರದಲ್ಲಿ ಎಡಗಡೆ ಫಿಕ್ಸ್ಚರ್ ಕೂದಲೆಳೆಯಷ್ಟು ಸರಿದು ಕೂತಿದ್ದರೆ ಆಫ್‌ಸೆಟ್ ಬದಲಿಸಿ ಸರಿಮಾಡಲು ಆಗಲ್ಲ. ಅದನ್ನು ಸರಿಮಾಡಲು ಹೋದರೆ ಬಲಗಡೆಯದ್ದು ಕೆಡುತ್ತೆ. ಹಾಗಾಗಿ ಫಿಕ್ಸ್ಚರನ್ನೇ ಸರಿಯಾಗಿ ಕೂರಿಸಬೇಕು. ಎರಡೂ ಕಡೆ ಟೂಲ್‌ಗಳ ಉದ್ದ, ಸವೆತ ನೋಡಿಕೊಳ್ಳಬೇಕು. ಪ್ರತಿ ಸ್ಪಿಂಡಲ್‌ಗೂ ಬೇರೆಯಾಗಿ ಝೆಡ್ ಚಲನೆ ಕೊಟ್ಟ ಯಂತ್ರಗಳಿವೆ, ಉದ್ದದ ತೊಂದರೆ ಅಲ್ಲಿ ಕಡಿಮೆ. ಏನೇ ಆದರೂ ಯಾವ ಭಾಗ ಯಾವ ಸ್ಪಿಂಡಲ್‌ನಿಂದ ಬಂತು ಅನ್ನೋ ಗುರುತು ಇಲ್ಲದಿದ್ದರೆ, ದೋಷ ಸಿಕ್ಕ ದಿನ ಒಳ್ಳೇದು ಕೆಟ್ಟದ್ದು ಎರಡನ್ನೂ ಒಂದೇ ತೊಟ್ಟಿಗೆ ಸುರಿಯಬೇಕಾಗುತ್ತೆ.

ಮೂರನೇದು ನಮಗೆ ಎಲ್ಲಕ್ಕಿಂತ ಮುಖ್ಯ. ಮೇಲಿನ ಲೆಕ್ಕದಲ್ಲಿ "ಗಂಟೆಗೆ 75" ಅಂತ ಖುಷಿಯಿಂದ ಬರೆದುಬಿಟ್ವಿ. ಆ ಭಾಗ 3 ಕಿಲೋ ತೂಗುತ್ತೆ ಅಂದುಕೊಳ್ಳಿ. ಗಂಟೆಗೆ 75 ಸಲ ಎತ್ತಿ ಇಡಬೇಕು, 75 ಸಲ ತೆಗೆಯಬೇಕು. ಒಟ್ಟು 450 ಕಿಲೋ. ಊಟ, ಟೀ ಬಿಟ್ಟು ಏಳು ಗಂಟೆ ಕೆಲಸ ಅಂದರೆ ಪಾಳಿಗೆ 3 ಟನ್ ದಾಟುತ್ತೆ. ಮಶಿನ್ ಮುಂದೆ ನಿಲ್ಲುವವನು ನಮ್ಮ ಜೊತೆ ಹತ್ತನೇ ಕ್ಲಾಸ್ ಓದಿ ಐಟಿಐ ಸೇರಿದ ಗೆಳೆಯನೇ ಆಗಿರಬಹುದು. ಸೈಕಲ್ ಟೈಮ್ ಕಡಿಮೆ ಮಾಡುವ ಎಂಜಿನಿಯರ್ ಅವನ ಸೊಂಟದ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಬರೆಯಬೇಕು. ಲೋಡಿಂಗ್ ಎತ್ತರ ಎಷ್ಟು, ರೋಬೋ ಬೇಕಾ, ರೋಬೋ ಬಂದರೆ ಅವನಿಗೆ ಸೆಟ್ಟಿಂಗ್ ಕೆಲಸ ಕಲಿಸ್ತೀವಾ? ಇವೆಲ್ಲ ಎಚ್‌ಆರ್ ವಿಷಯ ಅಂತ ಕೈ ತೊಳೆದುಕೊಳ್ಳೋದು ಎಂಜಿನಿಯರ್‌ಗೆ ಶೋಭೆ ಅಲ್ಲ.

"ಇದೆಲ್ಲ ಹೋಗ್ತಾ ಇದೆ ಮಾರಾಯ, ಮುಂದೆ ಇವಿ ಕಾಲ" ಅನ್ನುವವರೂ ಇದ್ದಾರೆ. ಅರ್ಧ ನಿಜ. ಇವಿಯಲ್ಲಿ ಕನೆಕ್ಟಿಂಗ್ ರಾಡ್ ಇಲ್ಲ, ಸಿಲಿಂಡರ್ ಹೆಡ್ ಇಲ್ಲ. ಆದರೆ ಮೋಟಾರ್ ಹೌಸಿಂಗ್ ಇದೆ, ಗೇರ್ ಕೇಸ್ ಇದೆ, ಬ್ರೇಕಿನ ಭಾಗಗಳು ಇದ್ದೇ ಇವೆ. ಭಾಗ ಬದಲಾಗುತ್ತೆ, ಕತ್ತರಿಸುವ ಕೆಲಸ ನಿಲ್ಲಲ್ಲ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಎರಡು ಸ್ಪಿಂಡಲ್‌ಗಳ ನಡುವಿನ ಅಂತರದಲ್ಲಿ ಹಿಡಿಸುವ ಭಾಗವನ್ನು ಮಾತ್ರ ಈ ಯಂತ್ರದಲ್ಲಿ ಜೋಡಿಯಾಗಿ ಮಾಡಬಹುದು. ವಾರಕ್ಕೊಂದು ಹೊಸ ಆರ್ಡರ್, ಐವತ್ತು ನೂರು ಭಾಗ ಅನ್ನುವ ಸಣ್ಣ ವರ್ಕ್‌ಶಾಪಿಗೆ ಇದು ಹೊರೆ. ಒಂದೇ ಭಾಗ ವರ್ಷಗಟ್ಟಲೆ ಓಡುತ್ತೆ ಅನ್ನುವ ಖಾತ್ರಿ ಇದ್ದವರಿಗೆ ವರ. ಯಂತ್ರ ಒಳ್ಳೆಯದಾ ಅಂತ ಕೇಳೋದಕ್ಕಿಂತ ಯಾವ ಭಾಗಕ್ಕೆ, ಎಷ್ಟು ವರ್ಷಕ್ಕೆ ಅಂತ ಕೇಳಬೇಕು.

ಇದನ್ನು ಕೇಳುವ ಹಕ್ಕು ಕನ್ನಡನಾಡಿನವರಾದ ನಮಗೆ ಸ್ವಲ್ಪ ಜಾಸ್ತಿನೇ ಇದೆ. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾಯ್ತು. ನಮ್ಮಲ್ಲಿ ಹೆಚ್ಚಿನವರಿಗೆ ಅದು ಅಜ್ಜನ ಕೈಗಡಿಯಾರವಾಗಿ ಗೊತ್ತು, ಆದರೆ ಅದು ಹುಟ್ಟಿದ್ದೇ ಯಂತ್ರ ಮಾಡುವ ಯಂತ್ರಗಳನ್ನು ತಯಾರಿಸಲು. 1961ರಲ್ಲಿ ಬಿಎಫ್‌ಡಬ್ಲ್ಯು, 1962ರಲ್ಲಿ ಸಿಎಂಟಿಐ ಸಂಶೋಧನಾ ಸಂಸ್ಥೆ, 1979ರಲ್ಲಿ ಏಸ್ ಡಿಸೈನರ್ಸ್, ಎಲ್ಲವೂ ಬೆಂಗಳೂರಿನಲ್ಲೇ. ಈಗ ತುಮಕೂರಿನ ವಸಂತನರಸಾಪುರದಲ್ಲಿ ಮಶಿನ್ ಟೂಲ್ ಪಾರ್ಕ್ ಇದೆ. ಐಟಿ ಬರುವ ಎಷ್ಟೋ ಮೊದಲೇ ಬೆಂಗಳೂರು ಯಂತ್ರಗಳ ಊರಾಗಿತ್ತು ಅನ್ನೋದನ್ನ ನಮ್ಮ ಓರಿಯೆಂಟೇಶನ್ ಭಾಷಣಗಳಲ್ಲಿ ಯಾರೂ ಹೇಳಲ್ಲ.

ಹಾಗಾದ್ರೆ ನಾವು ಏನು ಮಾಡಬೇಕು? ಕಾಲೇಜು ಎರಡು ಸ್ಪಿಂಡಲ್ ಯಂತ್ರ ಕೊಳ್ಳಲಿ ಅಂತ ಕೇಳ್ತಾ ಇಲ್ಲ. ಅಷ್ಟು ದುಡ್ಡಿಲ್ಲ, ಇದ್ದರೂ ಲಕ್ಷ ಭಾಗ ಮಾಡಿ ಯಾರಿಗೆ ಕೊಡೋಣ? ನಾವು ಕೇಳೋದು ಒಂದು ಸ್ಟಾಪ್‌ವಾಚ್ ಮತ್ತು ಎರಡು ವೈಸ್.

ಲ್ಯಾಬಿನ ಒಂದೇ ಸ್ಪಿಂಡಲ್ ಯಂತ್ರದ ಮೇಜಿನ ಮೇಲೆ ಎರಡು ವೈಸ್ ಕೂರಿಸಿ. ಒಂದಕ್ಕೆ ಜಿ54, ಇನ್ನೊಂದಕ್ಕೆ ಜಿ55. ಒಂದು ಟೂಲ್ ಎರಡೂ ಭಾಗದಲ್ಲಿ ಕೆಲಸ ಮುಗಿಸಿದ ಮೇಲೆ ಮುಂದಿನ ಟೂಲ್ ಬರಲಿ. ನಮ್ಮ ಉದಾಹರಣೆಯಲ್ಲೇ ನೋಡಿ: ಕತ್ತರಿಸಲು 120, ಟೂಲ್ ಬದಲಾವಣೆ 30, ಲೋಡಿಂಗ್ 60, ಒಟ್ಟು 210 ಸೆಕೆಂಡಿಗೆ 2 ಭಾಗ. ಭಾಗಕ್ಕೆ 105. ಒಂದು ವೈಸಿನ ಖರ್ಚಿನಲ್ಲಿ 15 ಸೆಕೆಂಡ್ ಉಳೀತು. ಒಂದು ತಂಡ ಪ್ರೋಗ್ರಾಂ ಬರೆಯಲಿ, ಒಂದು ತಂಡ ಸಮಯ ಅಳೆಯಲಿ, ಒಂದು ತಂಡ ಲೋಡ್ ಮಾಡಲಿ, ಆಮೇಲೆ ಅದಲುಬದಲಾಗಲಿ. ಇಪ್ಪತ್ತು ಭಾಗ ಎತ್ತಿ ಇಟ್ಟ ಮೇಲೆ ಲೋಡಿಂಗ್ ಸಮಯ 30 ಸೆಕೆಂಡಲ್ಲೇ ಇರುತ್ತಾ, 40 ಆಗುತ್ತಾ ಅಂತ ನಮ್ಮ ಕೈಯೇ ಹೇಳುತ್ತೆ. ರೆಕಾರ್ಡ್ ಬುಕ್ಕಿನಲ್ಲಿ ಕಳೆದ ವರ್ಷದ ಸೀನಿಯರ್‌ನ ರೀಡಿಂಗ್ ಕಾಪಿ ಹೊಡೆಯಲು ಇಲ್ಲಿ ಅವಕಾಶವೇ ಇಲ್ಲ!

ಫೈನಲ್ ಇಯರ್‌ನವರಿಗೂ ಒಂದು ಮಾತು. ಬಹುಪಯೋಗಿ ಕೃಷಿ ಯಂತ್ರ ಅಂತ ವರ್ಷಾ ವರ್ಷ ಅದೇ ಕಬ್ಬಿಣಕ್ಕೆ ಹೊಸ ಪೇಂಟ್ ಹೊಡೆಯೋ ಬದಲು, ಘಟ್ಟದ ಮೇಲಿನ ಯಾವುದಾದರೂ ಸಣ್ಣ ವರ್ಕ್‌ಶಾಪಿಗೆ ಹೋಗಿ, ಅನುಮತಿ ಕೇಳಿ, ಒಂದು ಭಾಗದ ಸೈಕಲ್ ಟೈಮ್ ಅಳೆದು, ಹತ್ತು ಸೆಕೆಂಡ್ ಉಳಿಸುವ ಫಿಕ್ಸ್ಚರ್ ಮಾಡಿಕೊಡಿ. ಮುಂದೆ ಸಂದರ್ಶನದಲ್ಲಿ "ಪ್ರಾಜೆಕ್ಟ್ ಏನು ಮಾಡಿದ್ರಿ?" ಅಂತ ಕೇಳಿದಾಗ ಹೇಳಲು ನಿಮ್ಮದೇ ಅನ್ನುವ ಒಂದು ಅಂಕಿ ಇರುತ್ತೆ.

ಜಗಲಿಯ ಪ್ರಶ್ನೆಗೆ ಉದ್ದ ಭಾಷಣ ಬೇಡ. ಲೆಕ್ಕ ಬಲ್ಲವನಿಗೆ ಯಾವ ಬ್ರಾಂಚೂ ಕಡಿಮೆ ಅಲ್ಲ. ವಿಭಾಗದ ಸರ್, ಮೇಡಂ ಅವರಲ್ಲಿ ನಮ್ಮ ವಿನಂತಿ ಇಷ್ಟೇ: ಬರುವ ಸೆಮಿಸ್ಟರ್‌ನಲ್ಲಿ ಒಂದು ಮಧ್ಯಾಹ್ನ ಲ್ಯಾಬ್ ಕೊಡಿ. ಎರಡನೇ ವೈಸ್ ಹೊಂದಿಸೋ ಜವಾಬ್ದಾರಿ ನಮ್ಮದು.