ಗುಡ್ಡದ ಬೆಂಕಿ, ಜಲಾಶಯದ ಹೂಳು

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಗುಡ್ಡ, ಗಾಯರಾಣಗಳಲ್ಲಿ ಬೇಸಿಗೆಯಲ್ಲಿ ಬೀಳುವ ಬೆಂಕಿಯನ್ನು ಹುಲ್ಲು ಸುಟ್ಟ ನಷ್ಟವೆಂದಷ್ಟೇ ಲೆಕ್ಕ ಹಾಕಲಾಗುತ್ತಿದೆ. ದೊಡ್ಡ ನಷ್ಟ ಶುರುವಾಗುವುದು ಮುಂಗಾರಿನ ಮೊದಲ ಮಳೆಗೆ. ಹೊದಿಕೆ ಕಳೆದುಕೊಂಡ ನೆಲಕ್ಕೆ ದಪ್ಪ ಹನಿ ನೇರವಾಗಿ ಬಡಿಯುತ್ತದೆ. ಒಡೆದ ಮಣ್ಣಿನ ಕಣಗಳೂ ಬೂದಿಯೂ ಸೇರಿ ನೆಲದ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ. ಇಂಗಬೇಕಾದ ನೀರು ಹರಿದುಹೋಗುತ್ತದೆ. ಪೊದೆಗಳು ಬಹಳ ಹೊತ್ತು ಉರಿದಲ್ಲಿ ಎಲೆಗಳ ಮೇಣದಂಥ ಅಂಶ ಆವಿಯಾಗಿ ಕೆಳಗಿನ ತಂಪು ಪದರದಲ್ಲಿ ಕೂತು, ಮಣ್ಣು ನೀರು ಹೀರುವುದನ್ನೇ ಬಿಡಬಹುದು. ಬೀದರ್ ಪ್ರಸ್ಥಭೂಮಿಯ ಜಂಬಿಟ್ಟಿಗೆ ಕಲ್ಲಿನ ಏರುಗಳಲ್ಲಿ ಮಣ್ಣಿರುವುದೇ ತೆಳುವಾಗಿ. ಅಲ್ಲಿಂದ ಕೊಚ್ಚಿಹೋದದ್ದು ಮುಲ್ಲಾಮಾರಿ ನದಿಗೆ, ಚುಳಕಿನಾಲಾ ಜಲಾಶಯಕ್ಕೆ ಹೂಳಾಗಿ ಸೇರುತ್ತದೆ.

ಸುಟ್ಟರೆ ದನಗಳಿಗೆ ಎಳೆಹುಲ್ಲು ಚಿಗುರುತ್ತದೆ, ಬೂದಿ ಗೊಬ್ಬರವಾಗುತ್ತದೆ ಎಂಬ ವಾದವಿದೆ. ಹುಲ್ಲಿನ ಬೆಂಕಿ ಬೇಗ ಸಾಗುವುದರಿಂದ ಮಣ್ಣು ಆಳಕ್ಕೆ ಕಾಯುವುದಿಲ್ಲ ಎಂಬುದೂ ನಿಜ. ಆದರೆ ಇಳಿಜಾರಿನಲ್ಲಿ ಆ ಬೂದಿ ನಿಲ್ಲದು. ಮೇಲ್ಮಣ್ಣಿನೊಡನೆ ಹಳ್ಳದ ಪಾಲಾಗುತ್ತದೆ. ಅರಣ್ಯ ಇಲಾಖೆ ಮತ್ತು ಗ್ರಾಮ ಪಂಚಾಯಿತಿಗಳು ಫೆಬ್ರುವರಿಯೊಳಗೆ ಬೆಂಕಿರೇಖೆ ತೆಗೆಯಬೇಕು. ಸುಟ್ಟ ಇಳಿಜಾರುಗಳಲ್ಲಿ ಮಳೆಗೆ ಮುನ್ನವೇ ಸಮಪಾತಳಿ ಬದು, ಕಲ್ಲಿನ ತಡೆ ಹಾಕಿಸಬೇಕು. ಹೂಳೆತ್ತಲು ಹಣ ಹೊಂದಿಸುವ ಸರ್ಕಾರ ಈ ಕೆಲಸಕ್ಕೆ ಅನುದಾನದ ಕೊರತೆ ಹೇಳಕೂಡದು.