ತಂತ್ರಾಂಶಕ್ಕೂ ಒಂದು ವಿಮರ್ಶೆ ಬೇಡವೆ?

ಕಾದಂಬರಿಯೊಂದು ಅಚ್ಚಾಗಿ ಬಂದರೆ ಅದರ ಗುಣದೋಷಗಳನ್ನು ತೂಗಿ ನೋಡುವ ವಿಮರ್ಶಕರು ನಮ್ಮಲ್ಲಿದ್ದಾರೆ. ಆ ಕಾದಂಬರಿಯನ್ನು ಬರೆಯಲು ಬಳಸಿದ ತಂತ್ರಾಂಶವನ್ನು ತೂಗುವವರು ಮಾತ್ರ ವಿರಳ. ಅಂತರಜಾಲದಿಂದ ಇಳಿಸಿಕೊಳ್ಳುವ ತಂತ್ರಾಂಶಗಳ ವಿಷಯವಾಗಿ ನಾವು ಕೇಳುವ ಹೊಗಳಿಕೆಯೆಲ್ಲ ‘ಸುಲಭ, ಅಂದ, ಉಚಿತ’ ಎಂಬ ಮೂರು ಮಾತುಗಳಲ್ಲಿ ಮುಗಿದುಹೋಗುತ್ತದೆ. ಇದರಲ್ಲಿ ಇಂದು ಬರೆದದ್ದನ್ನು ಇಪ್ಪತ್ತು ವರ್ಷಗಳ ತರುವಾಯ ಬೇರೊಂದು ಯಂತ್ರದಲ್ಲಿ ಬೇರೊಬ್ಬರು ಓದಬಲ್ಲರೆ ಎಂದು ಮೊದಲು ಕೇಳಬೇಕೆಂಬುದು ನನ್ನ ಮತ.

ಸುಲಭದ ಮಾತನ್ನೇ ತೆಗೆದುಕೊಳ್ಳೋಣ. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ 1998ರಲ್ಲಿ ಹೊರಬಂದು ಹಲವು ವರ್ಷ ಉಚಿತವಾಗಿ ದೊರೆಯಿತು. ಅದರಲ್ಲಿ ಕನ್ನಡವನ್ನು ರೋಮನ್ ಕಾಗುಣಿತದಂತೆ ಒತ್ತಬೇಕು. ‘ಕನ್ನಡ’ ಎಂಬ ಪದಕ್ಕೆ ಏಳು ಅಕ್ಷರ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅನುಸರಿಸುವುದು ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವನ್ನು. ಅಲ್ಲಿ ವ್ಯಂಜನದೊಡನೆ ಅಕಾರ ತಾನಾಗಿ ಬರುತ್ತದೆ, ಒತ್ತಕ್ಷರಕ್ಕೆ ಬೇರೊಂದು ಕೀಲಿಯುಂಟು. ಅದೇ ಪದ ಐದರಲ್ಲಿ ಮುಗಿಯುತ್ತದೆ. ಮೊದಲನೆಯದು ಒಂದು ಗಂಟೆಯಲ್ಲಿ ಕೈಗೆ ಬರುತ್ತದೆ, ಎರಡನೆಯದಕ್ಕೆ ವಾರವಾದರೂ ಬೇಕು. ಆದರೂ ನನಗೆ ಎರಡನೆಯದೇ ಹಿತ. ಕನ್ನಡ ಬರೆಯುವಾಗ ಮನಸ್ಸು ಇಂಗ್ಲಿಷಿನ ಓಣಿಯನ್ನು ಸುತ್ತಿ ಬರಬೇಕಾಗಿಲ್ಲ.

ಇದು ರುಚಿಭೇದ. ಎರಡರ ಹಳೆಯ ಆವೃತ್ತಿಗಳಲ್ಲಿಯೂ ಇದ್ದ ತೊಡಕು ಇದಕ್ಕಿಂತ ಗುರುತರವಾದುದು. ಅಲ್ಲಿ ಯಂತ್ರದ ನೆನಪಿನಲ್ಲಿ ಉಳಿಯುತ್ತಿದ್ದುದು ಕನ್ನಡದ ಅಕ್ಷರವಲ್ಲ, ಅಕ್ಷರದ ಚೂರುಗಳು. ತಲೆಕಟ್ಟು, ಕೊಂಬು, ಒತ್ತುಗಳನ್ನು ಇಂಗ್ಲಿಷ್ ಲಿಪಿಯ ಮನೆಗಳಲ್ಲಿ ಬಾಡಿಗೆಗೆ ಇರಿಸಿದಂತೆ. ಆಯಾ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಕಾಣುವುದು ಬರಿಯ ಕಲಸುಮೇಲೋಗರ. ಅಕಾರಾದಿಯಾಗಿ ಜೋಡಿಸುವುದಾಗಲಿ ಒಂದು ಪದವನ್ನು ಹುಡುಕುವುದಾಗಲಿ ನೆಚ್ಚುವಂತಿಲ್ಲ. ಹಲವು ಲಿಪಿಗಳಿಗೆ ಸ್ವಂತ ಸಂಕೇತಗಳನ್ನು ಕೊಟ್ಟ ಯೂನಿಕೋಡ್, 1991ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತು. ‘ಬರಹ’, ‘ನುಡಿ’ಗಳೂ ಮುಂದೆ ಅದನ್ನು ಅಳವಡಿಸಿಕೊಂಡವು. ಆದರೆ ಅಭ್ಯಾಸಬಲ ದೊಡ್ಡದು. “ಯೂನಿಕೋಡ್ ಬೇಡಿ ಸಾರ್, ಹಳೇ ನುಡಿಯಲ್ಲೇ ಕೊಡಿ” ಎಂಬ ಮಾತನ್ನು ಜಯನಗರದ ಡಿ.ಟಿ.ಪಿ. ಅಂಗಡಿಗಳಲ್ಲಿ ಈಚೆಗೂ ಕೇಳಿದ್ದೇನೆ.

ಬನಶಂಕರಿಯಲ್ಲಿರುವ ನಿವೃತ್ತ ಮೇಷ್ಟರೊಬ್ಬರು ತಮ್ಮ ಸೀಮೆಯ ಒಕ್ಕಲುತನದ ಮಾತುಗಳನ್ನು ವರ್ಷಗಟ್ಟಲೆ ಕಲೆಹಾಕಿ, 2003ರಲ್ಲಿ ಬೆರಳಚ್ಚು ಮಾಡಿಸಿ ಸಿ.ಡಿ.ಯಲ್ಲಿ ಇಟ್ಟಿದ್ದರು. ಚೀಟಿಗಳನ್ನು ಗೆದ್ದಲು ತಿಂದಿತು. ಸಿ.ಡಿ. ಉಳಿಯಿತು, ಆದರೆ ಹೊಸ ಯಂತ್ರಕ್ಕೆ ಅದರ ಭಾಷೆ ತಿಳಿಯದು. ಉಚಿತವಾಗಿ ಸಿಗುವ ಪರಿವರ್ತಕವೊಂದಕ್ಕೆ ಅದನ್ನು ಒಡ್ಡಿದೆವು. ಪಠ್ಯವೇನೋ ಬಂತು. ಹಳೆಯ ಕ್ರಮದಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ, ಹೊಸದರಲ್ಲಿ ರಕಾರ ಮುಂದೆ. ಈ ಸ್ಥಾನಪಲ್ಲಟ ಆ ಪರಿವರ್ತಕಕ್ಕೆ ತಿಳಿದಿರಲಿಲ್ಲ. ‘ಕಾರ್ಯಕ್ರಮ’ ‘ಕಾಯರ್ಕ್ರಮ’ವಾಯಿತು, ‘ಸೂರ್ಯ’ ‘ಸೂಯರ್’ ಆದ. ಇಂಥವನ್ನು ನಾವು ಊಹಿಸಿ ತಿದ್ದಬಲ್ಲೆವು. ಯಾವ ನಿಘಂಟಿನಲ್ಲಿಯೂ ಇಲ್ಲದ, ಹೇಳಿದ ಮುದುಕಿಯೂ ಈಗ ಇಲ್ಲದ ಮಾತನ್ನು ತಿದ್ದುವವರಾರು?

ಆದ್ದರಿಂದ ಹೊಸ ತಂತ್ರಾಂಶವನ್ನು ಇಳಿಸಿಕೊಂಡ ವಿದ್ಯಾರ್ಥಿಮಿತ್ರರು ಅದರ ಬಣ್ಣವನ್ನು ನೋಡುವ ಮೊದಲು ಅರ್ಕಾವತ್ತುಳ್ಳ ನಾಲ್ಕು ಪದ ಬರೆದು, ಯಾವ ಅಲಂಕಾರವೂ ಇಲ್ಲದ ಸಾದಾ ಪಠ್ಯದ ಕಡತವಾಗಿ ಉಳಿಸಿ, ನೆರೆಯವರ ಯಂತ್ರದಲ್ಲಿ ತೆರೆದು ನೋಡಲಿ. ಫೋನಿನ ಕೀಲಿಮಣೆಯಾದರೆ ಅದು ನಾವು ಒತ್ತುವ ಪ್ರತಿಯೊಂದಕ್ಷರವನ್ನೂ ಕಾಣಬಲ್ಲುದೆಂಬುದೂ ನೆನಪಿರಲಿ. ಅಪರಿಚಿತರು ಕೊಟ್ಟದ್ದನ್ನು ನಾನು ಇಳಿಸಿಕೊಳ್ಳಲಾರೆ.

ಮೇಷ್ಟರು ದಿನಕ್ಕೆ ಎರಡು ಪುಟದಂತೆ ತಿದ್ದುತ್ತಿದ್ದಾರೆ. ಗುರುತು ಹತ್ತದ ಪದಗಳಿಗೆ ಕೆಂಪು ಗೆರೆ ಎಳೆದು ಬಿಡುತ್ತಾರೆ. ಕಳೆದ ವಾರ ‘ತ’ಕಾರಕ್ಕೆ ಬಂದಿದ್ದರು.